ಕೀ ಕೊಡುವ ಕೈ

ತಾತನಿಗೆ ಲಕ್ವ ಹೊಡೆದದ್ದು ಹೋದ ವರ್ಷದ ಆಷಾಢದಲ್ಲಿ. ಎಡಗೈ, ಎಡಗಾಲು ಎರಡೂ ಸ್ವಾಧೀನ ತಪ್ಪಿದವು. ಆಸ್ಪತ್ರೆಯಿಂದ ನಜರ್‌ಬಾದಿನ ಮನೆಗೆ ಕರೆತಂದ ದಿನ ಅವರು ಮೊದಲು ಕೇಳಿದ್ದು ಕಾಫಿಯನ್ನಲ್ಲ, ತಮ್ಮ ವಾಚನ್ನು. ಎಚ್‌ಎಂಟಿ ಕಾಂಚನ್, ಆಟೊಮ್ಯಾಟಿಕ್. ಬಂಗಾರದ ಬಣ್ಣ ಅಂಚಿನಲ್ಲಿ ಮಾಸಿ ಒಳಗಿನ ಬಿಳಿ ಲೋಹ ಕಾಣುತ್ತದೆ. ಅಮ್ಮ ಅದನ್ನು ಬೀರುವಿನಿಂದ ತಂದು, ಎರಡು ಸಲ ಅಲ್ಲಾಡಿಸಿ, ಆ ಎಡಗೈಗೇ ಕಟ್ಟಿದರು. ಮುಳ್ಳು ಓಡಿತು. ತಾತ ಕಣ್ಣು ಮುಚ್ಚಿ ಮಲಗಿದರು.

ಮರುದಿನ ರಾತ್ರಿ ವಾಚು ನಿಂತಿತ್ತು. ಅಲ್ಲಾಡಿಸಿದರೆ ನಡೆಯಿತು, ಮತ್ತೆ ನಿಂತಿತು. ಒಂದು ವಾರ ಹೀಗೇ ಆಯಿತು. ಬೆಳಿಗ್ಗೆ ಎದ್ದವರೇ ತಾತ ಕೈಯನ್ನು ಬಲಗೈಯಿಂದ ಎತ್ತಿ ನೋಡಿಕೊಳ್ಳುತ್ತಿದ್ದರು. ಎರಡೂಕಾಲೋ ಮೂರೂವರೆಯೋ ತೋರಿಸುತ್ತಿದ್ದ ಮುಳ್ಳನ್ನು ಕಂಡು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ವಾಚು ಕೆಟ್ಟಿದೆ ಎಂದು ನಾನು ಅದನ್ನು ದೇವರಾಜ ಮಾರುಕಟ್ಟೆಯ ಹತ್ತಿರ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ಒಬ್ಬ ಹಿರಿಯ ರಿಪೇರಿಯವರ ಬಳಿಗೆ ಒಯ್ದೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹತ್ತು ನಿಮಿಷ ನೋಡಿದರು. ಆಮೇಲೆ ಮುಚ್ಚಳ ಹಾಕಿ ನನ್ನ ಕೈಗಿಟ್ಟರು.

“ಇದಕ್ಕೆ ಏನೂ ಆಗಿಲ್ಲ ಕಣಮ್ಮ. ಕಟ್ಟಿಕೊಳ್ಳೋರು ಹೇಗಿದ್ದಾರೆ?”

ನಾನು ಮೂರು ವರ್ಷದಿಂದ ಮೈಸೂರು ಸಂಸ್ಥಾನಕ್ಕೆ ಗಡಿಯಾರದ ಸಮಯ ಹೇಗೆ ಬಂತು ಎನ್ನುವುದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಪತ್ರಾಗಾರದ ಕಡತಗಳನ್ನು ತಿರುವಿ ಹಾಕಿದ್ದೇನೆ, ಗೋಪುರಗಳ ಎತ್ತರ ಬಾಯಿಪಾಠ ಮಾಡಿದ್ದೇನೆ. ಆದರೆ ಆಟೊಮ್ಯಾಟಿಕ್ ವಾಚು ತಾನಾಗಿ ನಡೆಯುವುದಿಲ್ಲ, ಅದನ್ನು ನಡೆಸುತ್ತಿದ್ದದ್ದು ತಾತನ ಕೈ, ಆ ಕೈ ನಿಂತಿದ್ದರಿಂದ ವಾಚೂ ನಿಂತಿದೆ ಎನ್ನುವ ಸರಳ ಸಂಗತಿ ಆ ಫುಟ್‌ಪಾತಿನ ಮೇಲೆ ನಿಲ್ಲುವವರೆಗೂ ನನಗೆ ಹೊಳೆದಿರಲಿಲ್ಲ. ಈ ಲೇಖನ ಅಲ್ಲಿಂದ ಹುಟ್ಟಿದ್ದು.

*

ನಾವು ಈಗಲೂ “ವಾಚಿಗೆ ಕೀ ಕೊಟ್ಟೆಯಾ?” ಎನ್ನುತ್ತೇವೆ. ವಾಚಿನ ಪಕ್ಕದಲ್ಲಿರುವ ಗುಂಡಿಯಂಥ ತಿರುಪನ್ನೂ ಕೀ ಎಂದೇ ಕರೆಯುತ್ತೇವೆ. ಆದರೆ ಅದು ಕೀಲಿಯಲ್ಲ. ನಿಜವಾದ ಕೀಲಿಕೈ ಇದ್ದದ್ದು ಹಳೆಯ ಜೇಬುಗಡಿಯಾರಗಳಿಗೆ. ಅವುಗಳ ಬೆನ್ನಿನಲ್ಲಿ ಒಂದು ತೂತು. ಅದಕ್ಕೆ ಸಣ್ಣ ಕೀಲಿಕೈ ಹಾಕಿ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತಿತ್ತು. ಫ್ರಾನ್ಸಿನ ಏಡ್ರಿಯನ್ ಫಿಲಿಪ್ 1845ರಲ್ಲಿ ಕೀಲಿಕೈ ಇಲ್ಲದೆ ತಿರುಪಿನಿಂದಲೇ ಸ್ಪ್ರಿಂಗ್ ಬಿಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಕ್ರಮೇಣ ಕೀಲಿಕೈ ಮಾಯವಾಯಿತು. ನಮ್ಮ ಮಾತಿನಲ್ಲಿ ಮಾತ್ರ ಉಳಿದುಕೊಂಡಿತು. ವಸ್ತುಸಂಗ್ರಹಾಲಯಕ್ಕೆ ಹೋಗದೆಯೂ ಮಾತಿನೊಳಗೆ ಸಿಗುವ ಇಂಥ ಹಳೆಯ ಸಾಮಾನುಗಳು ಇತಿಹಾಸದ ವಿದ್ಯಾರ್ಥಿಗೆ ದೊಡ್ಡ ಖುಷಿ.

‘ಗಡಿಯಾರ’ ಎನ್ನುವ ಪದದಲ್ಲಿಯೂ ಒಂದು ಪಾತ್ರೆ ಅಡಗಿದೆ. ಅದರ ಬೇರು ‘ಘಟಿ’ಯಲ್ಲಿದೆ. ತಳದಲ್ಲಿ ಸೂಜಿಯಷ್ಟು ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ನಿಧಾನವಾಗಿ ತುಂಬಿ ಮುಳುಗುತ್ತದೆ. ಒಂದು ಸಲ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಹಗಲು ರಾತ್ರಿ ಸೇರಿ ಅರವತ್ತು ಗಳಿಗೆ. ಪಂಚಾಂಗದಲ್ಲಿ ಇವತ್ತಿಗೂ ಗಳಿಗೆ ವಿಘಳಿಗೆಗಳ ಲೆಕ್ಕವಿದೆ. ಮದುವೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುವ ಪದ್ಧತಿಯನ್ನು ಅಜ್ಜಿಯ ತಲೆಮಾರಿನವರು ಕೇಳಿ ಬಲ್ಲರು.

ಆ ಬಟ್ಟಲು ತಾನಾಗಿ ಮುಳುಗುತ್ತದೆ, ಆದರೆ ತಾನಾಗಿ ಏಳುವುದಿಲ್ಲ. ಮುಳುಗಿದ ಬಟ್ಟಲನ್ನು ತೆಗೆದು, ನೀರು ಚೆಲ್ಲಿ, ಮತ್ತೆ ತೇಲಿಬಿಡಲು ಒಬ್ಬರು ಅಲ್ಲೇ ಕೂತಿರಬೇಕು. ದಿನಕ್ಕೆ ಅರವತ್ತು ಸಲ. ಕಣ್ಣು ಹತ್ತಿದರೆ ಊರಿನ ಕಾಲವೇ ತಪ್ಪುತ್ತದೆ. ಮುಹೂರ್ತ ಇಟ್ಟವರ ಹೆಸರು ಲಗ್ನಪತ್ರಿಕೆಯಲ್ಲಿರುತ್ತದೆ. ಬಟ್ಟಲು ಕಾದವರ ಹೆಸರು ಎಲ್ಲಿಯೂ ಇಲ್ಲ.

ಮೈಸೂರಿನ ಗೋಪುರ ಗಡಿಯಾರಗಳ ಕತೆಯೂ ಇದೇ. ಚಿಕ್ಕ ಗಡಿಯಾರವೆಂದು ನಾವು ಕರೆಯುವ ಡಫರಿನ್ ಗಡಿಯಾರ ಗೋಪುರ ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದದ್ದರ ನೆನಪು. ಪುರಭವನದ ಪಕ್ಕದ ದೊಡ್ಡ ಗಡಿಯಾರ 1927ರದು. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡು ಇಪ್ಪತ್ತೈದು ವರ್ಷ ತುಂಬಿದ ರಜತೋತ್ಸವಕ್ಕೆ ಅರಮನೆಯ ನೌಕರರು ಕಟ್ಟಿಸಿಕೊಟ್ಟ 75 ಅಡಿಯ ಗೋಪುರ. ಅದರ ಮುಖದಲ್ಲಿರುವುದು ಕನ್ನಡ ಅಂಕಿಗಳು. ಬಾಲ್ಯದಲ್ಲಿ ನಾನು ಕನ್ನಡ ಅಂಕಿ ಕಲಿತದ್ದು ಶಾಲೆಯಲ್ಲಲ್ಲ, ತಾತನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಆ ಗೋಪುರವನ್ನು ನೋಡುತ್ತಾ.

ಇಂಥ ಯಾಂತ್ರಿಕ ಗೋಪುರ ಗಡಿಯಾರಗಳು ನಡೆಯುವುದು ತೂಗುಬಿಟ್ಟ ಭಾರದ ಬಲದಿಂದ. ಭಾರ ಗೋಪುರದೊಳಗೆ ನಿಧಾನಕ್ಕೆ ಕೆಳಗಿಳಿಯುತ್ತದೆ. ಇಳಿಯುವಾಗ ಚಕ್ರಗಳನ್ನು ತಿರುಗಿಸುತ್ತದೆ. ತಳ ಮುಟ್ಟುವ ಮೊದಲು ಒಬ್ಬರು ಕಿರಿದಾದ ಮೆಟ್ಟಿಲು ಹತ್ತಿ, ಹಿಡಿಕೆ ತಿರುಗಿಸಿ, ಭಾರವನ್ನು ಮತ್ತೆ ಮೇಲಕ್ಕೆ ಎಳೆಯಬೇಕು. ಊರಿನ ಗಡಿಯಾರ ಎಂದರೆ ಹೀಗೆ ಒಬ್ಬರ ರಟ್ಟೆಯ ಬಲ, ಇಷ್ಟಿಷ್ಟೇ ಖರ್ಚಾಗುವುದು. ಗೋಪುರ ಯಾರ ನೆನಪಿಗೆ, ಯಾವ ವರ್ಷ ಕಟ್ಟಿದ್ದು ಎಂದು ಕೇಳಿದರೆ ಮೈಸೂರಿನ ಯಾವ ಟಾಂಗಾದವರೂ ಹೇಳುತ್ತಾರೆ. ಮೆಟ್ಟಿಲು ಹತ್ತಿದವರು ಯಾರು ಎಂಬ ಪ್ರಶ್ನೆಯನ್ನು ನಾನು ಕೂಡ ನನ್ನ ಪ್ರಬಂಧದ ಮೊದಲೆರಡು ಅಧ್ಯಾಯಗಳಲ್ಲಿ ಕೇಳಿರಲಿಲ್ಲ.

*

ಈ ಕೈಯನ್ನು ತಪ್ಪಿಸಬೇಕು ಎನ್ನುವ ಆಸೆ ಹಳೆಯದು. ಜಿನೀವಾದ ವಿಜ್ಞಾನಿ ಸೊಸ್ಯೂರ್ 1777ರಲ್ಲಿ ಲ ಲೋಕ್ಲ್ ಎಂಬ ಊರಿನ ಗಡಿಯಾರ ತಯಾರಕ ಅಬ್ರಹಾಂ ಲೂಯಿ ಪೆರ್ಲೆಯನ್ನು ಭೇಟಿಯಾದ. ಪೆರ್ಲೆ ಮಾಡಿದ್ದ ಜೇಬುಗಡಿಯಾರಕ್ಕೆ ಕೀ ಕೊಡಬೇಕಾಗಿರಲಿಲ್ಲ. ಒಳಗಿದ್ದ ಭಾರದ ತುಂಡು ನಡೆಯುವವರ ಮೈಯಾಟಕ್ಕೆ ಕುಲುಕಿ ಸ್ಪ್ರಿಂಗನ್ನು ತಾನೇ ಬಿಗಿಸುತ್ತಿತ್ತು. ಹದಿನೈದು ನಿಮಿಷ ನಡೆದರೆ ಎಂಟು ದಿನ ಓಡುತ್ತದೆ ಎಂಬ ವರದಿ ಜಿನೀವಾದ ಕಲಾ ಸಂಘಕ್ಕೆ ಹೋಯಿತು. ಮರುವರ್ಷ ಲಿಯೇಜ್ ಊರಿನ ಉಬೇರ್ ಸಾರ್ಟನ್ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಇಂಥದ್ದೇ ಗಡಿಯಾರದ ವಿವರ ಸಲ್ಲಿಸಿದ. ಸುತ್ತುವ ಭಾರದ ಉಪಾಯ ಮೊದಲು ಯಾರದ್ದು ಎಂದು ಗಡಿಯಾರದ ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ.

ನನಗೆ ಆ ಜಗಳಕ್ಕಿಂತ ಇಷ್ಟವಾದದ್ದು ಅಳತೆ. ಎಂಟು ದಿನದ ಕಾಲಕ್ಕೆ ಬೆಲೆ ಹದಿನೈದು ನಿಮಿಷದ ನಡಿಗೆ. ಕೀಲಿಕೈ ಹೋಯಿತು, ಕೈಯ ಬದಲು ಕಾಲು ಬಂತು.

ಜೇಬಿನಲ್ಲಿ ಗಡಿಯಾರ ಹೆಚ್ಚು ಅಲುಗಾಡುವುದಿಲ್ಲ. ಆದ್ದರಿಂದ ಈ ಉಪಾಯ ನೂರೈವತ್ತು ವರ್ಷ ಮೂಲೆಯಲ್ಲಿ ಬಿದ್ದಿತ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರು ಗಡಿಯಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡರು. ಆ ಯುದ್ಧದಿಂದ ಮರಳಿದ ಇಂಗ್ಲಿಷ್ ವಾಚ್ ರಿಪೇರಿಗಾರ ಜಾನ್ ಹಾರ್ವುಡ್‌ಗೆ ಒಂದು ವಿಷಯ ಖಚಿತವಾಗಿತ್ತು: ದೂಳು, ನೀರು ಒಳಗೆ ಹೋಗುವುದು ಆ ತಿರುಪಿನ ಸಂದಿಯಿಂದ. ತಿರುಪನ್ನೇ ತೆಗೆದುಹಾಕಿದರೆ? 1924ರಲ್ಲಿ ಅವನಿಗೆ ಸ್ವಿಸ್ ಪೇಟೆಂಟ್ ಸಿಕ್ಕಿತು. ಅವನ ವಾಚಿನೊಳಗಿನ ಭಾರ ಪೂರ್ತಿ ಸುತ್ತುತ್ತಿರಲಿಲ್ಲ, ಎರಡು ಸ್ಪ್ರಿಂಗ್‌ಗಳ ನಡುವೆ ಅತ್ತಿತ್ತ ಬಡಿಯುತ್ತಿತ್ತು. ಗಂಟೆ ಸರಿಪಡಿಸಲು ಗಾಜಿನ ಸುತ್ತಲಿನ ಬಳೆಯನ್ನೇ ತಿರುಗಿಸಬೇಕಿತ್ತು. 1931ರಲ್ಲಿ ಅವನ ಕಂಪನಿ ಮುಳುಗಿತು. ಅದೇ ವರ್ಷ ರೋಲೆಕ್ಸ್ ಕಂಪನಿ ಪೂರ್ತಿ ವೃತ್ತ ಸುತ್ತುವ ಅರ್ಧಚಂದ್ರಾಕಾರದ ರೋಟರ್ ತಂದಿತು. 1942ರಲ್ಲಿ ಫೆಲ್ಸಾ ಎಂಬ ಸ್ವಿಸ್ ಸಂಸ್ಥೆ ರೋಟರ್ ಎಡಕ್ಕೆ ತಿರುಗಲಿ ಬಲಕ್ಕೆ ತಿರುಗಲಿ, ಎರಡೂ ಕಡೆಯಿಂದ ಸ್ಪ್ರಿಂಗ್ ಬಿಗಿಯಾಗುವಂತೆ ಮಾಡಿತು. ಇವತ್ತಿನ ಆಟೊಮ್ಯಾಟಿಕ್ ವಾಚುಗಳೆಲ್ಲ ಈ ಎರಡು ಬಗೆಯವೇ: ಒಂದು ದಿಕ್ಕಿನಲ್ಲಿ ಮಾತ್ರ ಬಿಗಿಯುವವು, ಎರಡೂ ದಿಕ್ಕಿನಲ್ಲಿ ಬಿಗಿಯುವವು.

ಸ್ಪ್ರಿಂಗ್ ಪೂರ್ತಿ ಬಿಗಿಯಾದ ಮೇಲೂ ಕೈ ಆಡುತ್ತಲೇ ಇದ್ದರೆ ಅದು ತುಂಡಾಗುವುದಿಲ್ಲವೆ? ಇದಕ್ಕೂ ಉತ್ತರ ಕೊಟ್ಟವನು ಮೇಲೆ ಹೇಳಿದ ಫಿಲಿಪ್. 1863ರಲ್ಲಿ ಅವನು ಜಾರುವ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ಅದರ ಹೊರತುದಿಯನ್ನು ಡಬ್ಬಿಯ ಗೋಡೆಗೆ ಗಟ್ಟಿಯಾಗಿ ಸಿಕ್ಕಿಸುವುದಿಲ್ಲ. ಮಿತಿ ಮೀರಿ ಬಿಗಿಯಾದರೆ ತುದಿ ಗೋಡೆಗುಂಟ ಸ್ವಲ್ಪ ಜಾರಿ ಮತ್ತೆ ಹಿಡಿದುಕೊಳ್ಳುತ್ತದೆ. ಹೀಗಾಗಿ ಆಟೊಮ್ಯಾಟಿಕ್ ವಾಚು ಎಷ್ಟು ನಡೆದರೂ ಸಾಕು ಎನ್ನುತ್ತದೆ, ಹೆಚ್ಚಾಯಿತು ಎನ್ನುವುದಿಲ್ಲ.

*

ಈ ಯಂತ್ರ ತಾತನ ಕೈಗೆ ಬಂದ ದಾರಿ ಬೆಂಗಳೂರಿನದು. 1953ರಲ್ಲಿ ಜಾಲಹಳ್ಳಿಯಲ್ಲಿ ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆಯಾಗಿ ಶುರುವಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡಲು ತೊಡಗಿತು. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರೂ. ಅವು ಕೀ ಕೊಡುವ ವಾಚುಗಳು. ಜನತಾ, ಪೈಲಟ್, ಸೋನಾ ಎಂಬ ಹೆಸರುಗಳು ನಮ್ಮ ಹಿರಿಯರಿಗೆ ನೆಂಟರ ಹೆಸರಿನಷ್ಟು ಪರಿಚಿತ. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಕೂದಲೆಳೆಯಂಥ ಸ್ಪ್ರಿಂಗ್, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಜೋಡಿಸುವ ಸಾಲುಗಳಲ್ಲಿ ಕೂತವರಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಅವರಲ್ಲಿ ಎಷ್ಟೋ ಜನರಿಗೆ ಅದು ಮನೆತನದಲ್ಲೇ ಹೆಣ್ಣುಮಗಳೊಬ್ಬಳು ಪಡೆದ ಮೊದಲ ತಿಂಗಳ ಸಂಬಳ.

ಕಾಂಚನ್ ಎಚ್‌ಎಂಟಿಯ ಆಟೊಮ್ಯಾಟಿಕ್‌ಗಳಲ್ಲಿ ಹೆಚ್ಚು ಹೆಸರು ಮಾಡಿದ್ದು. ವಾರ, ತಾರೀಖು ಎರಡೂ ತೋರಿಸುತ್ತಿತ್ತು, ಬಂಗಾರದಂತೆ ಹೊಳೆಯುತ್ತಿತ್ತು, ಕೀ ಕೊಡುವ ರಗಳೆ ಇರಲಿಲ್ಲ. ವರೋಪಚಾರಕ್ಕೆ ಅದೇ ಬೇಕೆಂದು ಗಂಡಿನ ಕಡೆಯವರು ಕೇಳುತ್ತಿದ್ದ ಕಾಲವಿತ್ತು. ಅಳಿಯನ ಕೈಗೆ ಕಾಂಚನ್ ಕಟ್ಟಲು ಅಂಗಡಿ ಅಂಗಡಿ ಅಲೆದ ಮಾವಂದಿರ ಕತೆಗಳು ಪ್ರತಿ ಮನೆಯಲ್ಲೂ ಒಂದಾದರೂ ಸಿಗುತ್ತವೆ. ತಾತನಿಗೆ ಮಾವನ ಮನೆಯಿಂದ ವಾಚು ಬಂದಿರಲಿಲ್ಲ. ಅವರು ಪೋಸ್ಟ್‌ಮನ್. ಎಂಬತ್ತರ ದಶಕದಲ್ಲಿ ಅರಿಯರ್ಸ್ ಬಂದಾಗ ತಾವೇ ಕೊಂಡರು. “ನಮ್ಮಪ್ಪ ಕೊಡಲಿಲ್ಲ ಅಂತ ಸರ್ಕಾರದ ಹತ್ತಿರ ವಸೂಲಿ ಮಾಡಿದರು” ಎಂದು ಅಜ್ಜಿ ಇರುವ ತನಕ ಹಾಸ್ಯ ಮಾಡುತ್ತಿದ್ದರು.

ತಾತ ಕೊಳ್ಳುವ ಹೊತ್ತಿಗೆ ಆ ವಾಚಿನ ಕಾಲ ಮುಗಿಯುತ್ತಾ ಬಂದಿತ್ತು. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೊ ಕಂಪನಿ ಸ್ಫಟಿಕದ ಕಂಪನದಿಂದ ನಡೆಯುವ ಆಸ್ಟ್ರಾನ್ ವಾಚು ಮಾರುಕಟ್ಟೆಗೆ ಬಿಟ್ಟಿತ್ತು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆಯೊಂದು ಕೂಡಿ ಹುಟ್ಟುಹಾಕಿದ ಟೈಟನ್ ನಮ್ಮ ಗಡಿಯಾಚೆಯ ಹೊಸೂರಿನಿಂದ ಕ್ವಾರ್ಟ್ಜ್ ವಾಚುಗಳನ್ನು ಹೊರತಂದಿತು. ಬ್ಯಾಟರಿ ಹಾಕಿದರೆ ಮುಗಿಯಿತು. ಕೈ ಆಡಲಿ ಬಿಡಲಿ, ಅದು ನಡೆಯುತ್ತದೆ. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಓಟದಲ್ಲಿ ಹಿಂದೆ ಬಿತ್ತು. 2016ರ ಜನವರಿಯಲ್ಲಿ ವಾಚ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರು ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಈಗ ಕಾಂಚನ್ ರಿಪೇರಿಯಾಗಬೇಕೆಂದರೆ ಇನ್ನೊಂದು ಕಾಂಚನ್ ಬಿಚ್ಚಬೇಕು.

*

ರಿಪೇರಿಯವರ ಮಾತನ್ನು ಫೋನಿನಲ್ಲಿ ಕೇಳಿದ ಸೋದರಮಾವ ಕ್ಯಾಲಿಫೋರ್ನಿಯಾದಿಂದ ಒಂದು ಪೆಟ್ಟಿಗೆ ಕಳಿಸಿದರು. ವಾಚ್ ವೈಂಡರ್. ಕಪ್ಪು ಪೆಟ್ಟಿಗೆಯೊಳಗೆ ಒಂದು ಮೆತ್ತನೆಯ ದಿಂಬು; ಅದಕ್ಕೆ ವಾಚು ಕಟ್ಟಿ ಗುಂಡಿ ಒತ್ತಿದರೆ ಮೋಟರ್ ಅದನ್ನು ತಿರುಗಿಸುತ್ತದೆ. ಜೊತೆಗಿದ್ದ ಪುಸ್ತಿಕೆಯಲ್ಲಿ ಒಂದು ಪಟ್ಟಿ: ಯಾವ ಕಂಪನಿಯ ವಾಚಿಗೆ ದಿನಕ್ಕೆ ಎಷ್ಟು ಸುತ್ತು, ಯಾವ ದಿಕ್ಕು. ರೋಲೆಕ್ಸ್ ಇತ್ತು, ಒಮೆಗಾ ಇತ್ತು, ಸೈಕೊ ಇತ್ತು. ಎಚ್‌ಎಂಟಿ ಇರಲಿಲ್ಲ. ತಾತನ ವಾಚಿಗೆ ಎಷ್ಟು ಸುತ್ತು ಬೇಕು ಎನ್ನುವುದನ್ನು ನಾವೇ ಕಂಡುಕೊಳ್ಳಬೇಕಿತ್ತು.

ಇದರ ಹಿಂದಿರುವ ಲೆಕ್ಕ ಸುಲಭ. ಸಾಧಾರಣ ಆಟೊಮ್ಯಾಟಿಕ್ ವಾಚು ಪೂರ್ತಿ ಬಿಗಿಯಾದ ಮೇಲೆ ಸುಮಾರು ನಲವತ್ತು ಗಂಟೆ ಓಡುತ್ತದೆ. ಅಂದರೆ ಒಂದು ದಿನಕ್ಕೆ ಸ್ಪ್ರಿಂಗಿನ ಶಕ್ತಿಯಲ್ಲಿ ಐದರಲ್ಲಿ ಮೂರು ಪಾಲು ಖರ್ಚು. ಆ ಖರ್ಚನ್ನು ತುಂಬಿಕೊಟ್ಟರೆ ಸಾಕು. ಹೆಚ್ಚಿನ ವಾಚುಗಳಿಗೆ ಇದು ದಿನಕ್ಕೆ 650ರಿಂದ 900 ಸುತ್ತಿನೊಳಗೆ ಆಗುತ್ತದೆ. ಕೇಳಲು ದೊಡ್ಡ ಸಂಖ್ಯೆ. ಭಾಗಿಸಿ ನೋಡಿದರೆ 650 ಎಂದರೆ ಗಂಟೆಗೆ 27 ಸುತ್ತು. ಪೆಟ್ಟಿಗೆ ಇದನ್ನು ಒಂದೇ ಸಮನೆ ತಿರುಗಿಸುವುದಿಲ್ಲ, ಒಂದಷ್ಟು ತಿರುಗಿಸಿ ವಿಶ್ರಾಂತಿ ಕೊಡುತ್ತದೆ.

ಇನ್ನು ದಿಕ್ಕು. ಸ್ವಿಟ್ಜರ್ಲೆಂಡಿನ ಇಟಿಎ 2824 ಯಂತ್ರ ಎರಡೂ ಕಡೆ ಬಿಗಿಯುತ್ತದೆ. ಅಗ್ಗದ ಆಟೊಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ, ಸಿಟಿಜನ್ ಬಳಗದ ಮಿಯೊಟಾ 8215 ಒಂದೇ ಕಡೆ. ಒಂದೇ ಕಡೆ ಬಿಗಿಯುವ ವಾಚನ್ನು ತಪ್ಪು ದಿಕ್ಕಿಗೆ ದಿನವಿಡೀ ತಿರುಗಿಸಿದರೂ ಅದು ನಿಲ್ಲುತ್ತದೆ, ರೋಟರ್ ಸುಮ್ಮನೆ ಗಾಳಿಯಲ್ಲಿ ಸುತ್ತುತ್ತದೆ ಅಷ್ಟೆ. ನಮ್ಮ ವಾಚಿನ ದಿಕ್ಕು ಗೊತ್ತಿಲ್ಲದಿದ್ದರೆ ಎರಡೂ ದಿಕ್ಕಿಗೆ ಇಡುವುದೇ ಕ್ಷೇಮ. ಆಗ ಅರ್ಧ ಸುತ್ತು ವ್ಯರ್ಥವಾಗಬಹುದು. ಅದಕ್ಕೆ ಸಂಖ್ಯೆ ಹೆಚ್ಚಿಸಿಕೊಂಡರಾಯಿತು.

ಇನ್ನೊಂದು ಎಚ್ಚರವನ್ನು ರಿಪೇರಿಯವರು ಹೇಳಿದ್ದರು. ನಿಂತ ವಾಚನ್ನು ಹಾಗೆಯೇ ಪೆಟ್ಟಿಗೆಯಲ್ಲಿಡಬಾರದು. ಪೆಟ್ಟಿಗೆ ಇರುವುದು ದಿನದ ಖರ್ಚು ತುಂಬಲು, ಬರಿದಾದ ಕಣಜ ತುಂಬಲು ಅಲ್ಲ. ಮೊದಲು ಕೀ ಕೊಟ್ಟು, ಕೀ ಹಿಡಿಯದ ವಾಚಾದರೆ ಕೈಯಲ್ಲಿ ಮೆಲ್ಲಗೆ ಆಡಿಸಿ, ಸ್ಪ್ರಿಂಗ್ ಬಿಗಿಸಿಕೊಂಡು ಆಮೇಲೆ ಇಡಬೇಕು. ಕಡಿಮೆ ಸಂಖ್ಯೆಯಿಂದ ಶುರು ಮಾಡಬೇಕು. ಮೂರು ನಾಲ್ಕು ದಿನ ನೋಡಿ, ನಿಂತರೆ ಮಾತ್ರ ನೂರು ನೂರೈವತ್ತು ಸುತ್ತು ಏರಿಸಬೇಕು. ಜಾರುವ ಸ್ಪ್ರಿಂಗ್ ಇರುವುದರಿಂದ ಹೆಚ್ಚು ತಿರುಗಿದರೆ ಒಡೆಯುವುದಿಲ್ಲ ನಿಜ. ಆದರೆ ಹಳೆಯ ವಾಚಿನ ಹಲ್ಲುಗಳನ್ನು ಕಾರಣವಿಲ್ಲದೆ ಸವೆಸುವುದು ಯಾಕೆ?

ನಾನು ಒಂದು ನೋಟ್‌ಪುಸ್ತಕ ಇಟ್ಟೆ. ಎರಡೂ ದಿಕ್ಕು, 650: ಮೂರನೆಯ ದಿನ ಬೆಳಗಿನ ಜಾವ ನಿಂತಿತು. 800: ಐದನೆಯ ದಿನ ನಿಂತಿತು. 950: ನಿಲ್ಲಲಿಲ್ಲ. ಒಂದು ವಾರ, ಎರಡು ವಾರ, ನಿಲ್ಲಲಿಲ್ಲ. ಪುಸ್ತಕದಲ್ಲಿ 950ರ ಕೆಳಗೆ ಎರಡು ಗೆರೆ ಎಳೆದೆ. ಸಂಶೋಧನೆ ಶುರು ಮಾಡಿದ ಮೇಲೆ ಇಷ್ಟು ಖಚಿತವಾದ ಉತ್ತರ ನನಗೆ ಸಿಕ್ಕಿದ್ದು ಅದೇ ಮೊದಲು.

ಪೆಟ್ಟಿಗೆಯನ್ನು ತಾತನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದೆವು. ಮಲಗಿದಲ್ಲಿಂದಲೇ ಗಂಟೆ ನೋಡಲಿ ಎಂದು. ಅವರು ಅದು ತಿರುಗುವುದನ್ನು, ನಿಲ್ಲುವುದನ್ನು, ಮತ್ತೆ ಹಿಂದಕ್ಕೆ ತಿರುಗುವುದನ್ನು ಬಹಳ ಹೊತ್ತು ನೋಡುತ್ತಿದ್ದರು. ಒಂದು ಸಂಜೆ ಮಾತು ಕೂಡಿಸಿಕೊಂಡು ಕೇಳಿದರು:

“ಅದನ್ನ ಯಾರ ಕೈಗೆ ಕಟ್ಟಿದೀರಿ?”

ನನ್ನ ಬಳಿ ಉತ್ತರವಿರಲಿಲ್ಲ. ಮಾವನದೂ ತಪ್ಪಲ್ಲ, ಪೆಟ್ಟಿಗೆಯದೂ ತಪ್ಪಲ್ಲ. ತಾತ ಕೇಳಿದ್ದು ವಾಚು ನಡೆಯಲಿ ಎಂದಲ್ಲ, ಅದು ತಮ್ಮಿಂದ ನಡೆಯಲಿ ಎಂದು. ನಾವು ಆ ಎರಡನ್ನೂ ಒಂದೇ ಎಂದುಕೊಂಡಿದ್ದೆವು.

*

ಮರುದಿನ ಬೆಳಿಗ್ಗೆ ವಾಚನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಕಟ್ಟಿಕೊಂಡೆ. ಚೈನು ಸಡಿಲ, ಮಣಿಕಟ್ಟಿನಿಂದ ಮೊಣಕೈವರೆಗೆ ಜಾರುತ್ತಿತ್ತು. ತಾತ ಮೂವತ್ತು ವರ್ಷ ಕಾಗದ ಹಂಚಿದ ಬೀಟ್ ಯಾವುದೆಂದು ನನಗೆ ಗೊತ್ತಿತ್ತು. ಮಿರ್ಜಾ ರಸ್ತೆ, ಅದರ ಅಡ್ಡರಸ್ತೆಗಳು, ಲೋಕರಂಜನ್ ಮಹಲ್ ರಸ್ತೆ, ಇಟ್ಟಿಗೆಗೂಡಿನ ಕಡೆಗೆ ಒಂದು ತಿರುವು. ಅಲ್ಲೆಲ್ಲ ನಡೆದೆ.

ಈ ನೆಲಕ್ಕೆ ನಜರ್‌ಬಾದ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. 1780ರ ದಶಕದ ಕೊನೆಯಲ್ಲಿ ಅವನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಪೂರ್ವಕ್ಕೆ ಒಂದು ಮೈಲಿ ದೂರದ ಈ ದಿಣ್ಣೆಗೆ ಸಾಗಿಸಿ ಹೊಸ ಕೋಟೆ ಕಟ್ಟಿಸತೊಡಗಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದೇ ಕಲ್ಲುಗಳು ಮೈಸೂರಿಗೆ ವಾಪಸು ಹೋದವು, ಹಳೆಯ ಕೋಟೆಯ ಜಾಗದಲ್ಲಿ ಮತ್ತೆ ಗೋಡೆಯಾದವು. ಹೆಸರು ಇಲ್ಲೇ ಉಳಿಯಿತು. ಕೆಡವಿಸಿದ ದೊರೆಯ ಹೆಸರು ಗೊತ್ತು, ಮತ್ತೆ ಕಟ್ಟಿಸಿದ ದೊರೆಯ ಹೆಸರು ಗೊತ್ತು. ಆ ಕಲ್ಲುಗಳನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೊತ್ತ ಹೆಗಲುಗಳ ಲೆಕ್ಕ ಮಾತ್ರ ನಮ್ಮ ಚರಿತ್ರೆಯಲ್ಲಿ ಬಂದಿಲ್ಲ.

ಇದೇ ಟಿಪ್ಪು ಕೋಟೆ ಕಟ್ಟಿಸುತ್ತಿದ್ದ ಕಾಲದಲ್ಲೇ ಫ್ರಾನ್ಸಿಗೆ ರಾಯಭಾರಿಗಳನ್ನು ಕಳಿಸಿದ್ದ. 1788ರ ಆಗಸ್ಟಿನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡ ಅವರು ಕೇಳಿದ ಕುಶಲಕರ್ಮಿಗಳಲ್ಲಿ ಪಿಂಗಾಣಿ ಮಾಡುವವರು, ಗಾಜು ಮಾಡುವವರ ಜೊತೆ ಗಡಿಯಾರ ಮಾಡುವವರೂ ಇದ್ದರು. ಟಿಪ್ಪುವಿಗೆ ಯಂತ್ರಗಳ ಮೇಲೆ ಮೋಹ. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಅವನ ಮರದ ಹುಲಿ ಘರ್ಜಿಸುವುದೂ ಪಕ್ಕದಲ್ಲಿ ಒಬ್ಬರು ನಿಂತು ಹಿಡಿಕೆ ತಿರುಗಿಸಿದಾಗಲೇ.

ನಡೆಯುತ್ತಾ ಅಂಚೆ ತರಬೇತಿ ಕೇಂದ್ರದ ಮುಂದೆ ಬಂದೆ. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಮೈಸೂರಿನ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ‘ಅಂಚೆ’ ಎಂಬ ಪದ ನಮ್ಮಲ್ಲಿ ಉಳಿಯಿತು. ಇನ್ನೂರು ವರ್ಷ ಆ ವ್ಯವಸ್ಥೆ ನಡೆದದ್ದು ಓಡುವವರ ಕಾಲಿನ ಮೇಲೆ. ರೈಲು ಬಂತು, ತಂತಿ ಬಂತು, 1906ರಲ್ಲಿ ಭಾರತಕ್ಕೆಲ್ಲ ಒಂದೇ ಸಮಯ ಬಂತು. ಆದರೂ ಕೊನೆಯ ಒಂದು ಮೈಲಿ, ಅಂಚೆ ಕಚೇರಿಯಿಂದ ಮನೆಯ ಬಾಗಿಲಿಗೆ, ನಡೆಯಬೇಕಾದವರು ತಾತನಂಥವರೇ. ಅವರ ಎಡಗೈಯಲ್ಲಿ ಕಾಗದದ ಕಟ್ಟು, ಬಲಗೈಯಲ್ಲಿ ಗೇಟಿನ ಚಿಲಕ. ಆ ನಡಿಗೆಯಲ್ಲಿ ಕಾಂಚನ್‌ನ ರೋಟರ್ ದಿನಕ್ಕೆ ಎಷ್ಟು ಸಲ ಸುತ್ತಿರಬಹುದು? 950ಕ್ಕಿಂತ ಬಹಳ ಹೆಚ್ಚು. ಹೆಚ್ಚಿದ್ದೆಲ್ಲ ಸದ್ದಿಲ್ಲದೆ ಜಾರಿಹೋಗಿದೆ.

ಆಟೊಮ್ಯಾಟಿಕ್‌ಗೆ ನಾವು ‘ಸ್ವಯಂಚಾಲಿತ’ ಎನ್ನುತ್ತೇವೆ. ಆ ಪದವನ್ನು ನನ್ನ ಪ್ರಬಂಧದಲ್ಲಿ ಇನ್ನು ಮುಂದೆ ಎಚ್ಚರದಿಂದ ಬಳಸುತ್ತೇನೆ. ತಾನಾಗಿ ನಡೆಯುತ್ತದೆ ಎಂದು ಯಾರಾದರೂ ಒಂದು ಯಂತ್ರವನ್ನೋ, ಕಚೇರಿಯನ್ನೋ, ಒಂದು ಊರನ್ನೋ ತೋರಿಸಿದರೆ, ಅದಕ್ಕೆ ಕೀ ಕೊಡುತ್ತಿರುವ ಕೈ ಎಲ್ಲಿದೆ ಎಂದು ಹುಡುಕುವುದೇ ಇತಿಹಾಸಕಾರರ ಕೆಲಸ ಎಂದು ಈಗ ಅನ್ನಿಸುತ್ತದೆ. ದೊಡ್ಡ ಗಡಿಯಾರದ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ಈ ಸಲ ಸಂಬಳದ ಪಟ್ಟಿಗಳಿಂದ ಶುರು ಮಾಡಿ.

ಮನೆಯಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ಹಗಲು ವಾಚು ನನ್ನ ಕೈಯಲ್ಲಿ. ಲೈಬ್ರರಿಗೆ, ಮಾರುಕಟ್ಟೆಗೆ, ಕಾರಂಜಿ ಕೆರೆಯ ದಡಕ್ಕೆ ಅದು ನನ್ನೊಂದಿಗೆ ಬರುತ್ತದೆ. ಸಂಜೆ ಅದನ್ನು ತಾತನ ಎಡಗೈಗೆ ಕಟ್ಟುತ್ತೇನೆ. ಎಲ್ಲೆಲ್ಲಿ ಹೋಗಿದ್ದೆ, ಯಾವ ಮನೆಯ ಮುಂದಿನ ಸಂಪಿಗೆ ಮರ ಕಡಿದಿದ್ದಾರೆ, ಯಾವ ಗೇಟಿಗೆ ಬಣ್ಣ ಬಳಿದಿದ್ದಾರೆ ಎಂದು ಹೇಳುತ್ತೇನೆ. ಆ ಮನೆಯ ನಂಬರು ಅವರು ತೊದಲುತ್ತಲೇ ಸರಿಯಾಗಿ ಹೇಳುತ್ತಾರೆ. ಆಮೇಲೆ ಫಿಸಿಯೊಥೆರಪಿಯವರು ಹೇಳಿಕೊಟ್ಟ ವ್ಯಾಯಾಮ. ನಾನು ಅವರ ಮೊಣಕೈ ಹಿಡಿದು ಎತ್ತಿಸುತ್ತೇನೆ, ಇಳಿಸುತ್ತೇನೆ. ಹತ್ತು ಸಲ. ಮಲಗುವ ಮುಂಚೆ ಮತ್ತೆ ಹತ್ತು ಸಲ. ಮೊದಲ ತಿಂಗಳು ಎತ್ತಿದ್ದೆಲ್ಲ ನಾನೇ. ಈಗ ಹತ್ತರಲ್ಲಿ ಎರಡು ಮೂರು ಸಲ ಅವರ ಕೈಯ ಬಲ ನನ್ನ ಅಂಗೈಗೆ ತಿಳಿಯುತ್ತದೆ. ಆಗ ಕಿವಿಗೊಟ್ಟರೆ ಒಳಗಿನ ರೋಟರ್ ತಿರುಗುವ ಸಣ್ಣ ಸದ್ದು ಕೇಳಿಸುತ್ತದೆ.

ನಾನು ಬೆಂಗಳೂರಿನ ಪತ್ರಾಗಾರಕ್ಕೆ ಹೋಗಿ ಎರಡು ದಿನ ಉಳಿಯಬೇಕಾದಾಗ ಮಾತ್ರ ವಾಚು ಪೆಟ್ಟಿಗೆಗೆ ಹೋಗುತ್ತದೆ. ಎರಡೂ ದಿಕ್ಕು, 950.